ಸೊಳ್ಳೆಗಳ ಜಾತಿಯನ್ನು ಗುರುತಿಸುವ ಕ್ರಮ

ಗ್ರಾಮದಲ್ಲಿ ಚಳಿಜ್ವರವು ತಲೆದೋರಿದೊಡನೆ ಬಚ್ಚಲ ಗುಂಡಿಗಳನ್ನು ಮುಚ್ಚಿಸುವುದು ವಾಡಿಕೆಯಾಗಿದೆ. ಇದರಿಂದ ಸೊಳ್ಳೆಗಳ ಕಾಟವು ತಗ್ಗುವುದೇನೋ ನಿಜ. ಆದರೆ ಜ್ವರವು ತಗ್ಗದೆ, ನಾಟಿಯ ಕಾಲದಲ್ಲಿ ಆಳುಗಳು ಮಲಗಿಬಿಡುವುದುಂಟು. ಬಚ್ಚಲ ನೀರಿನ ಸೊಳ್ಳೆಯೇ ಬೇರೆ, ಚಳಿಜ್ವರದ ಸೊಳ್ಳೆಯೇ ಬೇರೆ ಎಂಬುದೇ ಇದಕ್ಕೆ ಕಾರಣ.

ಈ ಭೇದವನ್ನು ತಿಳಿಯುವುದಕ್ಕೆ ಪಂಡಿತರೂ ಬಹಳ ಶ್ರಮಪಟ್ಟರು. ರೊನಾಲ್ಡ್ ರಾಸ್ ಎಂಬ ವೈದ್ಯಾಧಿಕಾರಿಗಳು ಬೂದುಬಣ್ಣದ ಸೊಳ್ಳೆಗಳನ್ನೂ ಪಟ್ಟೆಯ ಸೊಳ್ಳೆಗಳನ್ನೂ ಬಹುಕಾಲ ಸೀಳಿ ನೋಡಿ ಏನನ್ನೂ ಕಾಣಲಿಲ್ಲ. ಕಡೆಗೆ 1897ನೆಯ ಇಸವಿ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೆಕ್ಕೆಯಲ್ಲಿ ಚುಕ್ಕೆಗಳುಳ್ಳ ಸೊಳ್ಳೆಯ ಹೊಟ್ಟೆಯೊಳಗೆ ಜ್ವರದ ಅಣುಜೀವಿಯು ಅವರಿಗೆ ಗೋಚರವಾಯಿತು. ಈ ಚುಕ್ಕೆರೆಕ್ಕೆಯ ಕುಲಕ್ಕೆ ಅನಾಫಿಲೀಸ್ ಎಂದು ಹೆಸರು. ಬಚ್ಚಲ ಸೊಳ್ಳೆಯು ಕ್ಯೂಲೆಕ್ಸ್ ಕುಲದ್ದು. ಆನೆಕಾಲು ರೋಗವನ್ನು ಹರಡತಕ್ಕದ್ದು. ಮೈಮೇಲೆ ಬಿಳಿಯ ಪಟ್ಟೆಗಳುಳ್ಳ, ಹಗಲಿನಲ್ಲಿ ಕಚ್ಚುವ ಕರಿಯ ಸೊಳ್ಳೆಯು ಈಡಿಸ್. ಡೆಂಗೀ ಜ್ವರವು ಇದರಿಂದ ಬರುತ್ತದೆ. ಎಲ್ಲ ಕುಲಗಳಲ್ಲಿಯೂ ರಕ್ತವನ್ನು ಹೀರುವುದು ಹೆಣ್ಣು ಮಾತ್ರ.

ಗೋಡೆಯ ಮೇಲೆ ಕುಳಿತಾಗ ಅನಾಫಿಲೀಸು ಮೊಳೆಯನ್ನು ಓರೆಯಾಗಿ ಹೊಡೆದಂತೆ ಹಿಂಭಾಗವನ್ನು ಎತ್ತಿರುತ್ತದೆ. ಕ್ಯೂಲೆಕ್ಸು ಗೂನುಬೆನ್ನಿನಿಂದ ಗೋಡೆಗೆ ಸಮವಾಗಿರುತ್ತದೆ. ಆದರೆ ಬಯಲುಸೀಮೆಯ ನಾಲೆಗಳ ಕೆಳಗೆ ಚಳಿಜ್ವರಕ್ಕೆ ಮುಖ್ಯ ಕಾರಣವಾದ ಜಾತಿಗೆ ಈ ಲಕ್ಷಣವು ಸರಿಯಾಗಿ ಹೊಂದುವುದಿಲ್ಲ. ಅದು ಬಹುಮಟ್ಟಿಗೆ ಕ್ಯೂಲೆಕ್ಸಿನಂತೆಯೇ ಕುಳಿತುಕೊಳ್ಳುತ್ತದೆ. ಇದಕ್ಕೆ 1901ರಲ್ಲಿ ಗೈಲ್ಸ್ ಎಂಬವರು ಇಟ್ಟ ಕ್ಯೂಲಿಸಿಫೇಸಿಸ್ ಎಂಬ ಹೆಸರಿನ ಅರ್ಥವೂ ಕ್ಯೂಲೆಕ್ಸಿನ ರೂಪವುಳ್ಳದ್ದು ಎಂದೇ. ಆದುದರಿಂದ ಕುಳಿತ ಭಂಗಿಯನ್ನೇ ನಂಬದೆ ಭೂತಗನ್ನಡಿಯಿಂದ ರೆಕ್ಕೆಯ ಚುಕ್ಕೆಗಳನ್ನು ನೋಡತಕ್ಕದ್ದು. ನೀರಿನಲ್ಲಿರುವ ಮರಿಯನ್ನು ನೋಡುವುದು ಇನ್ನೂ ಸುಲಭ. ಅನಾಫಿಲೀಸಿನ ಮರಿಯು ಕಡ್ಡಿಯಂತೆ ನೀರಿನ ಮೇಲ್ಮೈಗೆ ಸಮವಾಗಿ ತೇಲುತ್ತದೆ. ಮಿಕ್ಕೆರಡರ ಮರಿಗಳು ಬಾಲದ ಕೊಳವೆಯನ್ನು ಮೇಲಕ್ಕೆ ಚಾಚಿ ತಲೆಕೆಳಗಾಗಿ ತೂಗಾಡುತ್ತವೆ.

ಕ್ಯೂಲಿಸಿಫೇಸಿಸ್ ಕೊಳಕು ನೀರನ್ನು ಬಯಸುವುದಿಲ್ಲ. ನಾಲೆಯ ಪಕ್ಕದ ಮಡುಗಳು, ಮಣ್ಣು ತೆಗೆದ ಹಳ್ಳಗಳು, ಆಗತಾನೇ ನೀರು ಕಟ್ಟಿದ ಗದ್ದೆಗಳು, ಇಂತಹ ತಿಳಿನೀರೇ ಅದಕ್ಕೆ ತೌರು. ಪೈರು ಒಂದು ಅಡಿಯಷ್ಟು ಬೆಳೆದ ಮೇಲೆ ಆ ಗದ್ದೆಯಲ್ಲಿ ಅದು ಮೊಟ್ಟೆಯಿಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಮೊಟ್ಟೆಯು ಸೊಳ್ಳೆಯಾಗುವುದಕ್ಕೆ ಸೆಕೆಯ ದಿನಗಳಲ್ಲಿ 7ರಿಂದ 10 ದಿವಸಗಳು ಬೇಕು. ಆದಕಾರಣ ಎಳೆಯ ಪೈರಿನ ಗದ್ದೆಯನ್ನು ವಾರಕ್ಕೊಮ್ಮೆ ಬಸಿದು ನೆಲ ಒಣಗಿಸಿದರೆ ಮರಿಗಳು ನಾಶವಾಗುವುವು. ಆದರೆ ಒಬ್ಬನ ಗದ್ದೆಯ ನೀರು ಇನ್ನೊಬ್ಬನ ಗದ್ದೆಗೆ ಇಳಿಯುವ ಕಡೆ ಒಬ್ಬೊಬ್ಬರೇ ಬಸಿಯುವುದರಿಂದ ಪ್ರಯೋಜನವಿಲ್ಲ. ಒಂದು ತೂಬಿನ ರೈತರೆಲ್ಲರೂ ಕೂಡಿ ದಿನವನ್ನು ಗೊತ್ತುಮಾಡಬೇಕು. ಮಲೆನಾಡಿನಲ್ಲಿ ಹುಲ್ಲಂಚಿನ ತೊರೆಗಳಲ್ಲಿ ಬೆಳೆಯುವ ಫ್ಲೂವಿಯಾಟಿಲಿಸ್ ಎಂಬ ಬೇರೆ ಜಾತಿಯಿರುವುದರಿಂದ, ಅಲ್ಲಿ ತೊರೆಯ ಅಂಚನ್ನು ಸವರುವುದೇ ಮೊದಲ ಕೆಲಸ.

ಸಂದೇಹವಿದ್ದಲ್ಲಿ ಮುಂಜಾನೆ ದನದ ಕೊಟ್ಟಿಗೆಯ ಮೂಲೆಗಳಲ್ಲಿ ಸೊಳ್ಳೆಗಳನ್ನು ಹಿಡಿದು, ರೆಕ್ಕೆಯ ಪುಡಿ ಉದುರದಂತೆ ಒಣಗಿದ ಡಬ್ಬಿಯಲ್ಲಿ ಹತ್ತಿಯ ಮೇಲೆ ಸಡಿಲವಾಗಿಟ್ಟು, ಗ್ರಾಮದ ಹೆಸರು, ತಾರೀಖು, ಹಿಡಿದ ಸ್ಥಳ ಇವನ್ನು ಬರೆದು ಆರೋಗ್ಯ ಇಲಾಖೆಯವರಿಗೆ ಕಳುಹಿಸತಕ್ಕದ್ದು.