ಪಂಚಾಯತಿ ಇಲ್ಲದ ಊರಿನ ಸಭೆ

ರಜೆ ಮುಗಿಸಿ ಊರಿನಿಂದ ಮರಳಿದ ಬಂಧುಗಳು ಮೊದಲನೆಯ ರವಿವಾರ ನಮ್ಮ ವಾಚನಾಲಯಕ್ಕೆ ಬಂದರೆ, ವೃತ್ತಪತ್ರಿಕೆ ಬಿಡಿಸುವ ಮೊದಲು ಊರ ಸುದ್ದಿಯನ್ನೇ ಬಿಡಿಸುತ್ತಾರೆ. ಮಳೆ ಬೆಳೆ, ಮದುವೆ ಮುಂಜಿ ಎಲ್ಲ ಮುಗಿದ ಮೇಲೆ ಒಂದು ಮಾತು ತಪ್ಪದೆ ಬರುತ್ತದೆ: "ನಮ್ಮದು ಪಂಚಾಯತಿಯ ಊರಲ್ಲ ನೋಡಿರಿ, ಮಜರೆ. ನಲ್ಲಿಯಾಗಲಿ ರಸ್ತೆಯಾಗಲಿ, ದೊಡ್ಡೂರಿನವರ ಊಟವಾದ ಮೇಲೆ ನಮಗೆ ಎಲೆ."

ಇದು ಒಬ್ಬಿಬ್ಬರ ದೂರಲ್ಲ. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಜನವಸತಿಯಿರುವ ಗ್ರಾಮಗಳು ೨೭,೦೦೦ಕ್ಕೂ ಹೆಚ್ಚು. ಗ್ರಾಮ ಪಂಚಾಯತಿಗಳು ಸುಮಾರು ೬,೦೦೦. ಆದುದರಿಂದ ನಾಲ್ಕೈದು ಊರು ಕೂಡಿ ಒಂದು ಪಂಚಾಯತಿ. ಹಟ್ಟಿ, ದೊಡ್ಡಿ, ತಾಂಡಾ, ವಾಡಿಗಳ ಲೆಕ್ಕವಂತೂ ಬೇರೆಯೇ. ಅವುಗಳಲ್ಲಿ ಎಷ್ಟೋ ಬಹುಕಾಲ ಕಂದಾಯ ಗ್ರಾಮಗಳ ಪಟ್ಟಿಯಲ್ಲಿಯೇ ಇರಲಿಲ್ಲ. ಸ್ವಂತ ಕಚೇರಿಯಿಲ್ಲದ, ಸ್ವಂತ ಮೊಹರಿಲ್ಲದ ಇಂಥ ಊರಿನವರು ತಮ್ಮ ಕಾರಭಾರವನ್ನು ತಾವೇ ನಡೆಸಿಕೊಳ್ಳುವುದುಂಟೆ ಎಂದು ಕೇಳಿದರೆ, ಉಂಟು ಎಂದೇ ಹೇಳಬೇಕು. ನಾವು ಅನ್ನ ತಿನ್ನುತ್ತಿರುವ ಈ ಮಹಾರಾಷ್ಟ್ರ ರಾಜ್ಯದಲ್ಲಿಯೇ ಅಂಥ ಊರೊಂದಿದೆ. ಅದರ ಹೆಸರು ಮೇಂಢಾ. ನಾವು ಅದನ್ನು ಕಣ್ಣಾರೆ ಕಂಡವರಲ್ಲ. ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೇಂಢಾ ಇರುವುದು ರಾಜ್ಯದ ಪೂರ್ವದ ಅಂಚಿನಲ್ಲಿ, ಗಡಚಿರೋಲಿ ಜಿಲ್ಲೆಯ ಧಾನೋರಾ ತಾಲೂಕಿನಲ್ಲಿ. ನೂರರ ಆಚೀಚೆ ಮನೆಗಳು, ಸುಮಾರು ಐದುನೂರು ಜನ, ಎಲ್ಲರೂ ಗೊಂಡರು. ಸುತ್ತಲೂ ಕಾಡು. ಪಂಚಾಯತಿ ಇದ್ದದ್ದು ನೆರೆಯ ಲೇಖಾ ಗ್ರಾಮದಲ್ಲಿ. ಮೇಂಢಾ ಅದಕ್ಕೆ ಸೇರಿದ ಊರುಗಳಲ್ಲೊಂದು. ಅದಕ್ಕಾಗಿಯೇ ಜನರು ಇಂದಿಗೂ ಮೇಂಢಾ-ಲೇಖಾ ಎಂದು ಜೋಡಿಸಿಯೇ ಕರೆಯುತ್ತಾರೆ. ನಮ್ಮ ಮಜರೆಗಳ ಹೆಸರಿನ ಹಿಂದೆ ದೊಡ್ಡೂರಿನ ಹೆಸರು ಅಂಟಿಕೊಂಡಂತೆಯೇ ಇದು.

೧೯೮೦ರ ದಶಕದ ಮೊದಲಲ್ಲಿ ಆ ಸೀಮೆಯಲ್ಲಿ ಇಂಚಂಪಲ್ಲಿ, ಭೋಪಾಲಪಟ್ನಂ ಎಂಬ ಎರಡು ದೊಡ್ಡ ಅಣೆಕಟ್ಟುಗಳ ಯೋಜನೆ ಬಂದಿತು. ಕಾಡೂ ಊರುಗಳೂ ಮುಳುಗುವವೆಂದು ಆದಿವಾಸಿಗಳು ಎದ್ದು ನಿಂತರು, ಬಾಬಾ ಆಮ್ಟೆಯವರೂ ಜತೆಗೂಡಿದರು, ಯೋಜನೆ ನಿಂತಿತು. ಚಳವಳಿ ಮುಗಿದ ಮೇಲೆ ಜನರು ಮನೆಗೆ ಹೋಗಿ ಮಲಗುವುದೇ ಲೋಕರೂಢಿ. ಮೇಂಢಾದವರು ಮಲಗಲಿಲ್ಲ. ದೇವಾಜಿ ತೋಫಾ ಎಂಬ ಊರಿನವರೇ ಆದ ಮುಖಂಡರು, ಹೊರಗಿನಿಂದ ಬಂದು ಜತೆಗೆ ನಿಂತ ಮೋಹನ ಹಿರಾಬಾಯಿ ಹಿರಾಲಾಲ ಅವರು, ಇವರೊಡನೆ ಊರ ಜನರು ಕುಳಿತು ಯೋಚಿಸಿದರು. ಹೊರಗಿನವರನ್ನು ತಡೆದದ್ದಾಯಿತು, ಒಳಗಿನ ಕಾರಭಾರ ಯಾರದು? ಅದಕ್ಕೆ ಅವರು ಗೊಂಡಿ ಭಾಷೆಯಲ್ಲಿ ಕೊಟ್ಟ ಉತ್ತರ "ಮಾವಾ ನಾಟೆ ಮಾವಾ ರಾಜ್". ಎಂದರೆ ನಮ್ಮ ಊರಲ್ಲಿ ನಮ್ಮ ರಾಜ್ಯ. ದಿಲ್ಲಿಯಲ್ಲಿ, ಮುಂಬಯಿಯಲ್ಲಿ ನಮ್ಮದೇ ಸರಕಾರ. ನಮ್ಮ ಊರಲ್ಲಿ ನಾವೇ ಸರಕಾರ ಎಂಬುದು ಅದರ ಪೂರ್ತಿ ಮಾತು. ದಿಲ್ಲಿಯನ್ನು ಬೇಡವೆನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಗೊಂಡಿ ನಮ್ಮ ಕನ್ನಡದ ಹಾಗೆಯೇ ದ್ರಾವಿಡ ಭಾಷೆ; ಊರೆಂಬ ಅರ್ಥದ ಅವರ "ನಾರ್" ನಮ್ಮ "ನಾಡು" ಶಬ್ದದ ಬಳಗಕ್ಕೆ ಸೇರಿದ್ದು. ಅಷ್ಟು ದೂರದ ಕಾಡಿನವರ ಬಾಯಲ್ಲಿ ನಮ್ಮ ಮನೆಯ ಮಾತು ಇರುವುದನ್ನು ತಿಳಿದು ನಮಗೆ ಹಿಗ್ಗಾಯಿತು.

ಅವರ ಗ್ರಾಮಸಭೆಗೆ ಆಗ ಯಾವ ಕಾಯಿದೆಯ ಆಸರೆಯೂ ಇರಲಿಲ್ಲ. ಊರಿನ ವಯಸ್ಕರೆಲ್ಲರೂ ಸದಸ್ಯರು. ಮನೆಗೆ ಒಬ್ಬ ಗಂಡಸಾದರೂ ಒಬ್ಬ ಹೆಂಗಸಾದರೂ ಬರಬೇಕು. ಸಭೆಯಲ್ಲಿ ಕೈ ಎಣಿಸುವ ಪದ್ಧತಿಯಿಲ್ಲ. ಒಬ್ಬರಿಗೆ ಒಪ್ಪಿಗೆಯಿಲ್ಲದಿದ್ದರೂ ವಿಷಯ ಮುಂದಿನ ಸಭೆಗೆ ಹೋಗುತ್ತದೆ. ಎಲ್ಲರೂ ಆಗಲಿ ಎಂದ ಮೇಲೆಯೇ ನಿರ್ಣಯ. ಹೆಂಡದ ವಿಷಯವನ್ನೇ ತೆಗೆದುಕೊಳ್ಳಿರಿ. ಗೊಂಡರಲ್ಲಿ ದೇವರಿಗೂ ಹೆಂಡ ಬೇಕು. ಕುಡಿತದ ನೋವನ್ನು ಉಂಡ ಹೆಂಗಸರು ಬೇಡವೆಂದರು, ಗಂಡಸರು ದೇವರನ್ನು ಮುಂದೆ ಮಾಡಿದರು. ಕೊನೆಗೆ ಪೂಜೆಯ ಮಟ್ಟಿಗೆ ಮಾತ್ರ ಇರಲಿ, ಮಿಕ್ಕಂತೆ ಊರಲ್ಲಿ ಹೆಂಡ ಬೇಡ ಎಂದು ಒಪ್ಪಿಕೊಂಡರು. ಪೊಲೀಸರನ್ನು ಕರೆದು ಮಾಡಿಸುವ ಕೆಲಸ ಇದಲ್ಲ.

ಇಷ್ಟು ಬರೆಯುವಾಗ ನಮ್ಮದೇ ಒಂದು ತಪ್ಪು ನೆನಪಾಗುತ್ತದೆ. ಹಿಂದಿನ ವರ್ಷ ವಾಚನಾಲಯದ ವೇಳೆಯನ್ನು ಸಂಜೆ ಆರರಿಂದ ಒಂಬತ್ತಕ್ಕೆ ಗೊತ್ತುಮಾಡುವ ವಿಷಯ ಬಂದಾಗ ನಾವು ಕೈ ಎತ್ತಿಸಿದೆವು. ಹನ್ನೊಂದು ಕೈ ಬೇಕೆಂದವು, ಒಂಬತ್ತು ಬೇಡವೆಂದವು. ಗುಮಾಸ್ತರಾದ ನಮಗೆ ಲೆಕ್ಕ ಸರಿಯಾಯಿತು. ನಡವಳಿ ಪುಸ್ತಕದಲ್ಲಿ "ಬಹುಮತದಿಂದ ಅಂಗೀಕೃತ" ಎಂದು ನಾವೇ ಬರೆದೆವು. ಆ ಒಂಬತ್ತು ಮಂದಿ ಎರಡನೆಯ ಪಾಳಿಯ ಕೆಲಸಗಾರರು. ಅವರು ಜಗಳವಾಡಲಿಲ್ಲ, ಬರುವುದನ್ನು ಬಿಟ್ಟರು ಅಷ್ಟೆ. ಅವರಲ್ಲಿ ಒಬ್ಬರು ವಾಚನಾಲಯದ ಮೊದಲ ಕಪಾಟನ್ನು ತಲೆಯ ಮೇಲೆ ಹೊತ್ತು ತಂದವರು.

ಸರ್ವಸಮ್ಮತಿಯಲ್ಲಿ ಕೆಲಸ ಸಾಗದೆ ಮಾತೇ ಉಳಿಯುವುದೆಂದು ಯಾರಾದರೂ ಹೇಳಬಹುದು. ಅದಕ್ಕೂ ಮೇಂಢಾದವರು ದಾರಿ ಮಾಡಿಕೊಂಡಿದ್ದಾರೆ. ಸಭೆ ಬೇರೆ, ಅಭ್ಯಾಸ ಗಟ್ಟು ಬೇರೆ. ಗಟ್ಟು ಎಂದರೆ ಗುಂಪು. ಯಾವುದಾದರೊಂದು ವಿಷಯವನ್ನು ತಿಳಿಯಬೇಕೆಂಬವರು ಗುಂಪಾಗಿ ಕೂಡಿ ಓದುತ್ತಾರೆ, ಕೇಳುತ್ತಾರೆ, ಹೊರಗಿನ ಬಲ್ಲವರನ್ನು ಕರೆಸುತ್ತಾರೆ. ಅಲ್ಲಿ ನಿರ್ಣಯವಿಲ್ಲ, ಆದುದರಿಂದ ಸೋಲು ಗೆಲುವೂ ಇಲ್ಲ. ನಿರ್ಣಯ ಸಭೆಯದು, ಅಲ್ಲಿ ಹೊರಗಿನವರ ಮಾತು ನಡೆಯದು. ಜೇನಿನ ಸಂಗತಿ ಹೀಗೆಯೇ ಆಯಿತು. ಬೆಂಕಿ ಹಿಡಿದು ಹುಳುಗಳನ್ನು ಕೊಂದು ಜೇನು ಕೀಳುವುದು ರೂಢಿಯಾಗಿತ್ತು. ಗುಂಪು ಕುಳಿತು ಕಲಿತು, ಹುಳು ಸಾಯದಂತೆ, ಮರಿಗಳಿರುವ ಭಾಗವನ್ನು ಬಿಟ್ಟು ಜೇನಿರುವ ಭಾಗವನ್ನಷ್ಟೇ ಕೊಯ್ಯುವ ರೀತಿಯನ್ನು ಹಿಡಿದರು.

ಸಭೆಗೆ ಹಣ ಬೇಡವೆ? ಊರಿನ ಕೆಲಸಗಳಲ್ಲಿ ಕೂಲಿ ದುಡಿದವರು ನೂರಕ್ಕೆ ಹತ್ತರಂತೆ ಗ್ರಾಮಕೋಶಕ್ಕೆ ಹಾಕುವ ಪದ್ಧತಿ ಮಾಡಿಕೊಂಡರು. ನಡವಳಿ ಬರೆದಿಟ್ಟರು, ಲೆಕ್ಕ ಬರೆದಿಟ್ಟರು. ಕಾಡಿಗೆ ತಾವೇ ಕಾವಲು ತಿರುಗಿದರು, ಬೆಂಕಿ ಬಿದ್ದರೆ ತಾವೇ ಆರಿಸಿದರು.

ಕಾಯಿದೆ ಇವರ ಹಿಂದೆ ನಡೆದು ಬಂದಿತು. ೧೯೯೬ರಲ್ಲಿ ಕೇಂದ್ರ ಸರಕಾರವು ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಗಾಗಿ ಪಂಚಾಯತಿ ಕಾಯಿದೆಯೊಂದನ್ನು ಮಾಡಿತು. ಜನರು ಅದನ್ನು ಪೇಸಾ ಎನ್ನುತ್ತಾರೆ. ತನ್ನ ಸಂಪ್ರದಾಯದಂತೆ ತನ್ನ ವ್ಯವಹಾರ ನಡೆಸಿಕೊಳ್ಳುವ ಒಂದು ವಸತಿ, ಒಂದು ಹಾಡಿ ಕೂಡ ಗ್ರಾಮವೇ, ಅದಕ್ಕೆ ತನ್ನದೇ ಗ್ರಾಮಸಭೆ ಇರಬೇಕು ಎಂದು ಅದು ಹೇಳುತ್ತದೆ. ಆಮೇಲೆ ೨೦೦೬ರ ಅರಣ್ಯ ಹಕ್ಕು ಕಾಯಿದೆ ಬಂದು, ಊರವರು ರೂಢಿಯಿಂದ ಬಳಸಿ ಕಾಯ್ದುಕೊಂಡು ಬಂದ ಕಾಡಿನ ಮೇಲೆ ಊರಿಗೇ ಸಾಮೂಹಿಕ ಹಕ್ಕು ಕೊಡತಕ್ಕದ್ದೆಂದಿತು. ೨೦೦೯ರಲ್ಲಿ ಮೇಂಢಾದ ಗ್ರಾಮಸಭೆಗೆ ೧,೮೦೯ ಹೆಕ್ಟೇರಿಗೂ ಹೆಚ್ಚು ಕಾಡಿನ ಹಕ್ಕುಪತ್ರ ಬಂದಿತು. ದೇಶದಲ್ಲಿ ಇಂಥ ಹಕ್ಕನ್ನು ಪಡೆದ ಮೊಟ್ಟಮೊದಲ ಊರುಗಳಲ್ಲಿ ಅದು ಸೇರಿತು. ನೆಲದ ಒಡೆತನ ಸರಕಾರದಿಂದ ಊರಿಗೆ ಹೋಯಿತೆಂದು ತಿಳಿಯಬಾರದು. ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕು ಊರಿನದು. ಬಿದಿರು, ಜೇನು ಮೊದಲಾದ ಕಿರು ಉತ್ಪನ್ನಗಳನ್ನು ತೆಗೆದು ಮಾರುವ ಹಕ್ಕೂ ಊರಿನದು.

ಆದರೆ ಹಕ್ಕುಪತ್ರ ಕೈಗೆ ಬಂದರೂ ಬಿದಿರು ಊರಾಚೆ ಹೋಗಲಿಲ್ಲ. ಕಡಿದ ಬಿದಿರನ್ನು ಲಾರಿಯಲ್ಲಿ ಸಾಗಿಸಲು ರಹದಾರಿ ಬೇಕು, ರಹದಾರಿಯ ಪುಸ್ತಕ ಅರಣ್ಯ ಇಲಾಖೆಯ ಕಪಾಟಿನಲ್ಲಿತ್ತು. ಬಿದಿರು ಮರವೋ ಹುಲ್ಲೋ ಎಂಬ ಚರ್ಚೆ ನಡೆಯಿತು: ೧೯೨೭ರ ಅರಣ್ಯ ಕಾಯಿದೆಯಂತೆ ಅದು ಮರ, ೨೦೦೬ರ ಕಾಯಿದೆಯಂತೆ ಕಿರು ಉತ್ಪನ್ನ. ಕಚೇರಿಯ ಕಾಗದ ಹೇಗೆ ಮೇಜಿನಿಂದ ಮೇಜಿಗೆ ತಿರುಗುತ್ತದೆಂಬುದನ್ನು ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ೨೦೧೧ರ ಮಾರ್ಚಿಯಲ್ಲಿ ಆಗಿನ ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವ ಜೈರಾಮ ರಮೇಶರು ಎಲ್ಲ ಮುಖ್ಯಮಂತ್ರಿಗಳಿಗೂ ಬರೆದು, ಬಿದಿರನ್ನು ಕಿರು ಉತ್ಪನ್ನವೆಂದೇ ಎಣಿಸಬೇಕೆಂದರು. ಆ ವರ್ಷ ಏಪ್ರಿಲ್ ೨೭ರಂದು ಅವರೂ ಆಗಿನ ಮುಖ್ಯಮಂತ್ರಿ ಪೃಥ್ವಿರಾಜ ಚವ್ಹಾಣರೂ ಮೇಂಢಾಕ್ಕೇ ಬಂದು ರಹದಾರಿಯ ಪುಸ್ತಕವನ್ನು ಗ್ರಾಮಸಭೆಯ ಕೈಗೆ ಕೊಟ್ಟರು. ಅಂದಿನಿಂದ ರಹದಾರಿ ಬರೆಯುವವರು ಊರಿನವರೇ. ಬಿದಿರಿನ ಮಾರಾಟದ ಹಣ ಕೋಟಿ ರೂಪಾಯಿಯ ಮಟ್ಟವನ್ನು ಮುಟ್ಟಿತು. ಹಣ ಬಂದಲ್ಲಿ ತೆರಿಗೆಯ ಪ್ರಶ್ನೆಯೂ ಬಂದಿತು; ಗ್ರಾಮಸಭೆ ತನ್ನ ಹೆಸರಿನಲ್ಲಿ ಪ್ಯಾನ್ ಕಾರ್ಡು ಮಾಡಿಸಿಕೊಂಡಿತು. ಉದ್ಯೋಗ ಖಾತರಿ ಯೋಜನೆಯ ಕೆಲಸಗಳನ್ನು ನಡೆಸುವ ಅಧಿಕಾರವನ್ನೂ ಪಡೆಯಿತು. ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ನಮಗೆ ಈ ಊರಿನಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ. ಭಾಷಣ ಮಾಡುವ ಊರುಗಳು ಬಹಳ. ರಸೀದಿ ಇಟ್ಟುಕೊಳ್ಳುವ ಊರುಗಳು ಕಡಿಮೆ.

೨೦೧೩ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಮಹಾರಾಷ್ಟ್ರದ ೧೯೬೪ರ ಗ್ರಾಮದಾನ ಕಾಯಿದೆಯಂತೆ ತಮ್ಮ ಹೊಲಗಳನ್ನೂ ಗ್ರಾಮಸಭೆಗೆ ಒಪ್ಪಿಸಲು ನಿಶ್ಚಯಿಸಿದರು. ಉಳುವವರು ಉಳುತ್ತಲೇ ಇರಬಹುದು, ಆದರೆ ಹೊರಗಿನವರಿಗೆ ಮಾರುವಂತಿಲ್ಲ. ಅದು ವಿನೋಬಾರವರ ಕಾಲದ ಕಾಯಿದೆ. ಎಷ್ಟೋ ಕಡೆ ಹೆಸರಿಗೆ ಮಾತ್ರ ಉಳಿದದ್ದನ್ನು ಇವರು ಧೂಳು ಕೊಡವಿ ಎತ್ತಿಕೊಂಡರು.

ನಮ್ಮ ಕಡೆಗೆ ಇದರ ಸಂಬಂಧವೇನೆಂದರೆ, ಕರ್ನಾಟಕದಲ್ಲಿ ಐದನೆಯ ಅನುಸೂಚಿಯ ಪ್ರದೇಶವಿಲ್ಲ. ಆದುದರಿಂದ ಪೇಸಾ ಅಲ್ಲಿ ಅನ್ವಯಿಸದು. ಅರಣ್ಯ ಹಕ್ಕು ಕಾಯಿದೆ ಮಾತ್ರ ಅನ್ವಯಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಪೋಡುಗಳ ಪರವಾಗಿ ಅರ್ಜಿ ಹಾಕಿ, ೨೦೧೧ರಲ್ಲಿ ೨೫ ಗ್ರಾಮಸಭೆಗಳಿಗೆ ಸಾಮೂಹಿಕ ಅರಣ್ಯ ಹಕ್ಕುಗಳನ್ನು ಪಡೆದರು. ಅದು ಹುಲಿಗಳ ರಕ್ಷಿತಾರಣ್ಯ; ಅಂಥಲ್ಲಿ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲಿ ಮೊದಲು. ಕಾಡಂಚಿನ ಊರುಗಳಿಂದ ಬಂದ ಬಾಂಧವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ತಿಳಿದಿರಬೇಕಾದದ್ದು: ಪರಿಶಿಷ್ಟ ಪಂಗಡದವರಲ್ಲದವರು ಈ ಕಾಯಿದೆಯಂತೆ ಹಕ್ಕು ಕೇಳಬೇಕಾದರೆ, ೨೦೦೫ರ ಡಿಸೆಂಬರ್ ೧೩ಕ್ಕೆ ಹಿಂದೆ ಮೂರು ತಲೆಮಾರು, ಎಂದರೆ ೭೫ ವರ್ಷ, ಅಲ್ಲಿ ವಾಸವಾಗಿದ್ದುದನ್ನು ತೋರಿಸಬೇಕು. ಅಜ್ಜನ ಕಾಲದ ಕಾಗದಗಳನ್ನು ಹಳೆಯ ಪೆಟ್ಟಿಗೆಯ ತಳದಿಂದ ತೆಗೆಸಿ ನೋಡಿರಿ. ಊರ ಹಿರಿಯರ ಬರೆಸಿದ ಹೇಳಿಕೆಯನ್ನೂ ಸಾಕ್ಷ್ಯವಾಗಿ ತೆಗೆದುಕೊಳ್ಳುತ್ತಾರೆ. ಅರ್ಜಿ ಬರೆಯಲು ನೆರವು ಬೇಕಾದವರು ಗುರುವಾರ ಸಂಜೆ ನಮ್ಮನ್ನು ಕಾಣಬಹುದು.

ವಾಚನಾಲಯದ ವೇಳೆಯ ವಿಷಯವನ್ನು ಬರುವ ರವಿವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಸಭೆಯ ಮುಂದೆ ಇಡಲಾಗುವುದು. ಎರಡನೆಯ ಪಾಳಿಯವರ ಕೋಣೆಗಳಿಗೆ ನಾವೇ ಹೋಗಿ ಹೇಳಿ ಬಂದಿದ್ದೇವೆ. ಈ ಸಲ ಕೈ ಎಣಿಸುವುದಿಲ್ಲ. ಒಂದು ಸಭೆಗೆ ಮುಗಿಯದಿದ್ದರೆ ಮುಂದಿನ ರವಿವಾರವೂ ಕೂಡೋಣ. ಚಹಾದ ವ್ಯವಸ್ಥೆ ಇದೆ.