ಪೆಟ್ರೋಲ್ ಮುಗಿಯುವುದು ಯಾವಾಗ? ಪಾಕಣಿ ಡಿಪೋದಿಂದ ಒಂದು ಲೆಕ್ಕ

‘ಇನ್ನು ಮೂವತ್ತು ವರ್ಷಕ್ಕೆ ಭೂಮಿಯಲ್ಲಿ ಎಣ್ಣೆ ಖಾಲಿ’ ಎಂಬ ಮಾತನ್ನು 1980ರ ಸುಮಾರಿಗೆ ಶಾಲೆ ಕಲಿತವರು ಕೇಳಿಯೇ ಇದ್ದಾರೆ. ಅವರ ಮೊಮ್ಮಕ್ಕಳು ಈಗ ಸುಮಾರು ಐವತ್ತು ವರ್ಷ ಎಂದು ಓದುತ್ತಾರೆ. ನಡುವಿನ ನಲವತ್ತು ವರ್ಷ ಸುಟ್ಟಿದ್ದೇ ಸುಟ್ಟಿದ್ದು. ಆದರೂ ಉಳಿದ ವರ್ಷ ಹೆಚ್ಚಾದದ್ದು ಹೇಗೆ? ಯಾರೋ ಸುಳ್ಳು ಹೇಳಿದರು ಅಂತೀರಾ? ಅಷ್ಟು ಅವಸರ ಬೇಡ. ಲೆಕ್ಕ ಹಿಡಿಯುವ ರೀತಿಯೇ ಹಾಗಿದೆ.

ನೆಲದಡಿಯಲ್ಲಿ ಇರುವ ಎಲ್ಲ ತೈಲವನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂದಿನ ಯಂತ್ರದಿಂದ, ಇಂದಿನ ದರಕ್ಕೆ, ನಷ್ಟವಿಲ್ಲದೆ ಎತ್ತಬಹುದಾದಷ್ಟನ್ನೇ ಹಿಡಿಯುತ್ತಾರೆ. ಅದಕ್ಕೆ ‘ರಿಸರ್ವ್’, ಅಂದರೆ ಖಚಿತ ನಿಕ್ಷೇಪ ಎನ್ನುತ್ತಾರೆ. ದರ ಏರಿದರೆ ಅಥವಾ ಹೊಸ ಯಂತ್ರ ಬಂದರೆ ನಿನ್ನೆ ಲೆಕ್ಕದ ಹೊರಗಿದ್ದ ತೈಲ ಇಂದು ಒಳಗೆ ಬರುತ್ತದೆ. ಇಡೀ ಜಗತ್ತಿನ ಈಗಿನ ಅಂಕಿ ಸುಮಾರು 1.7 ಲಕ್ಷ ಕೋಟಿ ಬ್ಯಾರಲ್. ಒಂದು ಬ್ಯಾರಲ್ ಎಂದರೆ 159 ಲೀಟರ್. ಜಗತ್ತು ದಿನಕ್ಕೆ ಸುಡುವುದು ಸುಮಾರು 10 ಕೋಟಿ ಬ್ಯಾರಲ್. ಭಾಗಿಸಿ ನೋಡಿ: 17,000 ದಿನ, ಅಂದರೆ 46 ವರ್ಷ ಚಿಲ್ಲರೆ. ‘ಐವತ್ತು ವರ್ಷ’ ಬಂದದ್ದು ಇಂಥ ಭಾಗಾಕಾರದಿಂದಲೇ. ಒಂದು ಎಚ್ಚರಿಕೆಯನ್ನೂ ಹೇಳಬೇಕು. 1980ರ ದಶಕದಲ್ಲಿ ತೈಲ ರಫ್ತು ಮಾಡುವವರ ಕೂಟವಾದ ಒಪೆಕ್‌ನ ಕೆಲವು ದೇಶಗಳು ತಮ್ಮ ನಿಕ್ಷೇಪದ ಅಂಕಿಯನ್ನು ಒಮ್ಮೆಲೇ ಏರಿಸಿಕೊಂಡವು. ಹೊರಗಿನವರು ಹೋಗಿ ಅಳೆದು ಬಂದ ಅಂಕಿಗಳಲ್ಲ ಅವು.

ಹಾಗಾದರೆ ಬಾವಿ ಒಂದು ದಿನ ಪೂರ್ತಿ ಬತ್ತುವುದಿಲ್ಲವೇ? ಹಾಗೆ ಆಗುವುದು ಅಪರೂಪ. ನಮ್ಮ ಸೊಲ್ಲಾಪುರ ಜಿಲ್ಲೆಯವರಿಗೆ ಇದನ್ನು ತಿಳಿಯಲು ಸಕ್ಕರೆ ಕಾರ್ಖಾನೆಗಿಂತ ಒಳ್ಳೆಯ ದಾರಿ ಇಲ್ಲ. ಕಬ್ಬು ಮೊದಲ ಗಾಣಕ್ಕೆ ಹೋದಾಗ ರಸ ಧಾರಾಳ ಸುರಿಯುತ್ತದೆ. ಮುಂದಿನ ಗಾಣಗಳಲ್ಲಿ ಸಿಪ್ಪೆಯ ಮೇಲೆ ನೀರು ಚಿಮುಕಿಸಿ, ಒತ್ತಿ ಒತ್ತಿ ಉಳಿದದ್ದನ್ನು ತೆಗೆಯಬೇಕು. ತೈಲಬಾವಿಯದೂ ಇದೇ ಕತೆ. ಮೊದಮೊದಲು ಒಳಗಿನ ಒತ್ತಡಕ್ಕೇ ತೈಲ ಮೇಲೆ ಬರುತ್ತದೆ. ಒತ್ತಡ ಇಳಿದ ಮೇಲೆ ಪಕ್ಕದ ಬಾವಿಗಳಿಂದ ನೀರು ತುಂಬಿ ತೈಲವನ್ನು ತಳ್ಳುತ್ತಾರೆ. ಆಮೇಲೆ ಅನಿಲ, ಹಬೆ, ರಾಸಾಯನಿಕ. ಇಷ್ಟೆಲ್ಲ ಮಾಡಿದರೂ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಬಂಡೆಯಲ್ಲೇ ಉಳಿಯುತ್ತದೆ.

ಮುಂಬೈನಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರ ಸಮುದ್ರದಲ್ಲಿರುವ ಬಾಂಬೆ ಹೈ ಇದಕ್ಕೆ ನಮ್ಮದೇ ಸಾಕ್ಷಿ. ಅಲ್ಲಿ ತೈಲ ಸಿಕ್ಕದ್ದು 1974ರಲ್ಲಿ. ಉತ್ಪಾದನೆ ಶುರುವಾದದ್ದು 1976ರಲ್ಲಿ. 1980ರ ದಶಕದಲ್ಲಿ ಅದು ತುದಿ ಮುಟ್ಟಿತು. ಅಲ್ಲಿಂದ ಇಳಿಮುಖ. ಈಗ ಬರುವುದು ಆಗಿನ ಒಂದು ಪಾಲು ಮಾತ್ರ. ಆದರೆ ಅರ್ಧ ಶತಮಾನ ಕಳೆದರೂ ಬಾವಿ ಮುಚ್ಚಿಲ್ಲ. ಉಳಿದದ್ದನ್ನು ಹಿಂಡುವ ಉಪಾಯ ಹೇಳಲೆಂದು 2025ರ ಜನವರಿಯಲ್ಲಿ ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿ ಬ್ರಿಟನ್ನಿನ ಬಿಪಿ ಕಂಪನಿಯನ್ನು ಆರಿಸಿಕೊಂಡಿತು.

ಈ ಏರಿಳಿತವನ್ನು ಮೊದಲು ಗಟ್ಟಿಯಾಗಿ ಹೇಳಿದವನು ಅಮೆರಿಕದ ಭೂವಿಜ್ಞಾನಿ ಕಿಂಗ್ ಹಬ್ಬರ್ಟ್. ತನ್ನ ದೇಶದ ಉತ್ಪಾದನೆ 1970ರ ಆಸುಪಾಸಿನಲ್ಲಿ ತುದಿ ಮುಟ್ಟಿ ಇಳಿಯುತ್ತದೆ ಎಂದು 1956ರಲ್ಲೇ ಹೇಳಿದ. ಹಾಗೆಯೇ ಆಯಿತು. ಆಮೇಲೆ ಶೇಲ್ ಬಂತು. ಶೇಲ್ ಎಂದರೆ ಪದರ ಪದರವಾದ ಗಟ್ಟಿ ಬಂಡೆ. ಅದರೊಳಗೆ ಅಡ್ಡಕ್ಕೆ ಕೊರೆದು, ನೀರು-ಮರಳನ್ನು ಭಾರಿ ಒತ್ತಡದಿಂದ ನುಗ್ಗಿಸಿ ಬಿರುಕು ಬಿಡಿಸುತ್ತಾರೆ. ಅಮೆರಿಕ 2018ರಲ್ಲಿ ತನ್ನ ಹಳೆಯ ದಾಖಲೆಯನ್ನೇ ಮುರಿಯಿತು. ಹಬ್ಬರ್ಟ್ ಸೋತ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಸುಲಭದ ತೈಲದ ಮಟ್ಟಿಗೆ ಅವನ ಮಾತು ನಿಂತಿದೆ. ಮುಗಿಯುತ್ತಿರುವುದೂ ಆ ಸುಲಭದ್ದೇ, ಅಗ್ಗದ್ದೇ.

ಈಗ ನಮ್ಮೂರಿಗೆ ಬರೋಣ. ಸೊಲ್ಲಾಪುರದ ಹತ್ತಿರದ ಪಾಕಣಿಯಲ್ಲಿ ತೈಲ ಕಂಪನಿಗಳ ಡಿಪೋಗಳಿವೆ. ಹಿಂದುಸ್ತಾನ್ ಪೆಟ್ರೋಲಿಯಂನ ಮುಂಬೈ–ಪುಣೆ–ಸೊಲ್ಲಾಪುರ ಪೈಪ್‌ಲೈನ್ 508 ಕಿಲೋಮೀಟರ್ ಹರಿದು ಇಲ್ಲಿಗೆ ಬಂದು ಮುಗಿಯುತ್ತದೆ. ಅದರಲ್ಲಿ ಬರುವುದು ಕಚ್ಚಾ ತೈಲವಲ್ಲ, ಮುಂಬೈಯಲ್ಲಿ ಸೋಸಿ ಸಿದ್ಧವಾದ ಇಂಧನ. ಡಿಪೋದಿಂದ ಮುಂದೆ ಟ್ಯಾಂಕರ್‌ಗಳ ಕೆಲಸ. ಕಚ್ಚಾ ತೈಲವನ್ನಂತೂ ದೇಶ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರಗಿನಿಂದ ತರುತ್ತದೆ. ಹಾಗಾಗಿ ನಮಗೆ ಭಯ ಇರಬೇಕಾದ್ದು ಬಾವಿ ಬತ್ತುವುದರ ಬಗ್ಗೆ ಅಲ್ಲ, ಹಡಗು ನಿಲ್ಲುವುದರ ಬಗ್ಗೆ. ಅದಕ್ಕೆಂದೇ ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು ಮತ್ತು ವಿಶಾಖಪಟ್ಟಣದಲ್ಲಿ ಬಂಡೆ ಕೊರೆದ ಗುಹೆಗಳಲ್ಲಿ 53.3 ಲಕ್ಷ ಟನ್ ತುಂಬಿಡುವ ವ್ಯವಸ್ಥೆ ಇದೆ. ಭರ್ತಿ ಇದ್ದರೆ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕು. ಇದು ಕಡಿಮೆಯೇ.

ದರದ ಲೆಕ್ಕ ಹೀಗೆ. ಬ್ಯಾರಲ್‌ಗೆ 70 ಡಾಲರ್, ಡಾಲರ್‌ಗೆ 85 ರೂಪಾಯಿ ಎಂದು ಹಿಡಿಯಿರಿ. ಲೀಟರಿಗೆ ಬೀಳುವುದು 37 ರೂಪಾಯಿ ಚಿಲ್ಲರೆ. ಮೇಲೆ ಸೋಸುವ ಖರ್ಚು, ಸಾಗಣೆ, ಪಂಪಿನವರ ಕಮಿಷನ್, ಕೇಂದ್ರದ ಅಬಕಾರಿ ಸುಂಕ. ಇದೆಲ್ಲದರ ಮೇಲೆ ಮಹಾರಾಷ್ಟ್ರ ಪೆಟ್ರೋಲಿಗೆ ಶೇಕಡಾ 25 ವ್ಯಾಟ್, ಜೊತೆಗೆ ಲೀಟರಿಗೆ 5 ರೂಪಾಯಿ 12 ಪೈಸೆ ಹಾಕುತ್ತದೆ. 2008ರ ಜುಲೈನಲ್ಲಿ ಬ್ಯಾರಲ್ 147 ಡಾಲರ್ ಮುಟ್ಟಿತ್ತು. 2020ರ ಏಪ್ರಿಲ್ 20ರಂದು ಅಮೆರಿಕದ ಮಾರುಕಟ್ಟೆಯಲ್ಲಿ ದರ ಸೊನ್ನೆಗಿಂತ ಕೆಳಗೆ ಹೋಗಿತ್ತು. ಎರಡೂ ದಿನ ನೆಲದಡಿಯ ತೈಲವೇನೂ ಬದಲಾಗಿರಲಿಲ್ಲ. ಅಗ್ಗಕ್ಕೆಂದು ಗಡಿ ದಾಟಿ ಕರ್ನಾಟಕದ ಅಫಜಲಪುರ, ಆಳಂದ ಕಡೆ ಟ್ಯಾಂಕ್ ತುಂಬಿಸುವ ಲಾಭವೂ 2024ರ ಜೂನ್‌ನಲ್ಲಿ ಕರ್ನಾಟಕ ತೆರಿಗೆ ಏರಿಸಿದ ಮೇಲೆ ಬಹಳಷ್ಟು ಕರಗಿದೆ. ಹೋಗಿ ಬರುವ ಪೆಟ್ರೋಲನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಥೆನಾಲ್ ಇದೆಯಲ್ಲ ಎನ್ನುತ್ತೀರಿ. ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳದಿಂದ ಮಾಡುವ ಮದ್ಯಸಾರ ಅದು. ಇ20 ಎಂದರೆ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. ಸಕ್ಕರೆ ಕಾರ್ಖಾನೆಗಳು ಕಿಕ್ಕಿರಿದ ಜಿಲ್ಲೆ ನಮ್ಮದು, ರೈತನಿಗೆ ಬಿಲ್ ಬೇಗ ಸಿಗಲು ಅದು ಸಹಾಯ ಮಾಡೀತು. ಆದರೆ ಒಂದು ಲೀಟರ್ ಕಬ್ಬಿನ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ ವರದಿಯೇ ಹೇಳಿದೆ. 2024ರ ಬೇಸಿಗೆಯಲ್ಲಿ ಭೀಮಾ ನದಿಯ ಉಜನಿ ಜಲಾಶಯ ಬಳಕೆಯ ಮಟ್ಟಕ್ಕಿಂತ ಎಷ್ಟು ಕೆಳಗಿಳಿದಿತ್ತು ಎಂಬುದು ನಿಮಗೆ ನೆನಪಿರಬೇಕು. ತೈಲ ಉಳಿಸಲು ಭೀಮೆಯ ನೀರು ಸುಡುವುದು ಎಷ್ಟು ಸರಿ ಎಂದು ನನಗಂತೂ ಅನುಮಾನ. ಗಾಡಿಗೆ ಏನಾಗುತ್ತದೆ? ಎಥೆನಾಲಿನ ಕಸುವು ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಮೈಲೇಜ್ ತುಸು ಇಳಿಯುತ್ತದೆ. 2023ರ ಏಪ್ರಿಲ್‌ಗೆ ಮೊದಲಿನ ಗಾಡಿಯಾದರೆ ರಬ್ಬರ್ ಪೈಪು, ವಾಷರ್‌ಗಳನ್ನು ಸರ್ವಿಸ್ ವೇಳೆ ತೋರಿಸಿ. ಎಥೆನಾಲ್ ನೀರು ಹೀರುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಬೇಡಿ.

ಹೊಲದಲ್ಲಿ ಡೀಸೆಲ್ ಇಂಜಿನ್ ಇಟ್ಟವರಿಗೆ ನೇರವಾದ ದಾರಿ ಸೌರ ಪಂಪ್. ಮಹಾರಾಷ್ಟ್ರದ ‘ಮಾಗೇಲ್ ತ್ಯಾಲಾ ಸೌರ ಕೃಷಿ ಪಂಪ್’ ಯೋಜನೆಯಲ್ಲಿ ರೈತ ಕಟ್ಟುವುದು ಬೆಲೆಯ ಶೇಕಡಾ 10. ಪರಿಶಿಷ್ಟ ಜಾತಿ, ಪಂಗಡದವರು ಶೇಕಡಾ 5. ಎರಡೂವರೆ ಎಕರೆವರೆಗೆ 3 ಎಚ್‌ಪಿ, ಐದು ಎಕರೆವರೆಗೆ 5, ಅದಕ್ಕೂ ಮೇಲೆ 7.5 ಎಚ್‌ಪಿ. ಅರ್ಜಿ ರಾಜ್ಯದ ವಿದ್ಯುತ್ ಕಂಪನಿ ಮಹಾವಿತರಣದ ವೆಬ್‌ಸೈಟಿನಲ್ಲಿ. ಸಾತಬಾರಾ ಉತಾರ (ಜಮೀನಿನ ಪಹಣಿ), ಆಧಾರ್, ಬ್ಯಾಂಕ್ ಪಾಸ್‌ಬುಕ್ ಬೇಕು. ಉತಾರದಲ್ಲಿ ಅಣ್ಣತಮ್ಮಂದಿರ ಹೆಸರೂ ಇದ್ದರೆ ಅವರ ಒಪ್ಪಿಗೆ ಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.