ದಂಡಿನ ಕಡೆಗೆ ಒಂದು ಹಗಲಿನ ಸಂಚಾರ

ಮೂವತ್ತೈದು ವರ್ಷಗಳ ಕಾಲ ಉಪಾಧ್ಯಾಯ ವೃತ್ತಿಯಲ್ಲಿದ್ದ ನಾವು, ಪ್ರತಿ ವರ್ಷವೂ ಪರರ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು, ಗುಡಿಗೋಪುರಗಳ ಚರಿತ್ರೆಯನ್ನು ವಿವರಿಸಿ ಬಂದವರು. ಆದರೆ ಆ ದಿನಗಳಲ್ಲೆಲ್ಲ ಬುತ್ತಿಯನ್ನು ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತು ಬೀಳ್ಕೊಟ್ಟ ಗೃಹಿಣಿಯನ್ನು ಒಂದು ದಿನವಾದರೂ ಜತೆಯಲ್ಲಿ ಕರೆದೊಯ್ದವರಲ್ಲ. "ಮುಂದಿನ ರಜೆಗೆ ನೋಡೋಣ" ಎಂಬುದೇ ನಮ್ಮ ನಿತ್ಯದ ಉತ್ತರವಾಗಿದ್ದಿತು. ನಿವೃತ್ತರಾದ ಮೇಲೆ ರಜೆಗೆ ಬರವಿಲ್ಲ. ಆದರೆ ಅಷ್ಟರೊಳಗೆ ಆಕೆಯ ಮೊಣಕಾಲುಗಳು ಸೋತಿದ್ದವು. ಇನ್ನೂ ತಡಮಾಡಿದರೆ ಮಾತು ಮಾತಾಗಿಯೇ ಉಳಿದೀತೆಂಬ ಭಯದಿಂದ, ಈಚೆಗೆ ಒಂದು ಬುಧವಾರ ಪ್ರಾತಃಕಾಲದಲ್ಲಿ ಇಬ್ಬರೂ ಮನೆಗೆ ಬೀಗವಿಕ್ಕಿ ಹೊರಟೆವು.

ನಮ್ಮ ಜೇಬಿನಲ್ಲಿ ಒಂದು ಪಟ್ಟಿಯಿದ್ದಿತು. ಹಲಸೂರಿನ ಸೋಮೇಶ್ವರ, ಅಲ್ಲಿಯ ಕೆರೆ, ಶಿವಾಜಿನಗರ, ದೊಮ್ಮಲೂರಿನ ಚೊಕ್ಕನಾಥ, ಇಂದಿರಾನಗರ, ಕೃಷ್ಣರಾಜಪುರದ ತೂಗುಸೇತುವೆ, ಹೀಗೆ ಆರು ಸ್ಥಳಗಳು. ಒಂದೊಂದಕ್ಕೂ ಗೊತ್ತುಮಾಡಿದ ವೇಳೆ. ಆಕೆ ಅದನ್ನು ಓದಿ, "ಕೇಳಿದಿರಾ, ಇದು ಶಾಲೆಯ ವೇಳಾಪಟ್ಟಿಯಂತಿದೆಯಲ್ಲ! ಗಂಟೆ ಹೊಡೆಯುವವರು ಯಾರು?" ಎಂದಳು. ನಾವು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಿಜಯನಗರದಲ್ಲಿ ಮೆಟ್ರೋ ರೈಲನ್ನೇರಿ ಹಲಸೂರಿನಲ್ಲಿಳಿದು ಸೋಮೇಶ್ವರನ ಸನ್ನಿಧಿಗೆ ಹೋದೆವು. ವಿಜಯನಗರದರಸರ ಕಾಲದ ಶೈಲಿಯ ಎತ್ತರವಾದ ಗೋಪುರ. ಕೆಂಪೇಗೌಡರ ವಂಶದವರ ಸೇವೆ ಈ ದೇವಾಲಯಕ್ಕೆ ಸಂದಿತೆಂದು ಪ್ರತೀತಿ. ಕೈಲಾಸವನ್ನೆತ್ತುವ ರಾವಣನ ಶಿಲ್ಪವನ್ನು ತೋರಿಸುತ್ತ ನಾವು ಹಳೆಯ ಅಭ್ಯಾಸದಂತೆ ಪಾಠವನ್ನಾರಂಭಿಸಿದೆವು. ತಿರುಗಿ ನೋಡುವಲ್ಲಿ ವಿದ್ಯಾರ್ಥಿನಿಯೇ ಇಲ್ಲ! ಆಕೆ ಗಿರಿಜಾಕಲ್ಯಾಣದ ಕೆತ್ತನೆಯ ಮುಂದೆ ನಿಂತು ಒಂದೊಂದು ಮುಖವನ್ನೂ ನೋಡುತ್ತಿದ್ದಳು. "ಮದುವೆಗೆ ಬಂದ ಇವರಾರಿಗೂ ಅವಸರವಿಲ್ಲ, ನೋಡಿ" ಎಂದಳು. ನಾವು ಮೌನವಾಗಿ ಪಕ್ಕದಲ್ಲಿ ನಿಂತೆವು. ಅನೇಕ ಸಲ ಕಂಡಿದ್ದ ಆ ಶಿಲ್ಪವನ್ನು ಅಂದೇ ಮೊದಲು ನೋಡಿದಂತಾಯಿತು.

ಅಲ್ಲಿಂದ ಕೆರೆಗೆ ಬಂದು, ಮರದ ನೆರಳಿನಲ್ಲಿ ಕುಳಿತು, ಚಿತ್ರಾನ್ನ ಮೊಸರನ್ನಗಳ ಬುತ್ತಿಯನ್ನು ಬಿಚ್ಚಿದೆವು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರು ಸುಧಾರಿಸಿದ ಕೆರೆಯಿದು. ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು ಇದರ ಸಮೀಪದ ಬಂಡೆಯ ಮೇಲಿದೆ. ಬುತ್ತಿ ಮುಗಿದಾಗ ಆಕೆ, "ಈ ಬೀದಿಗಳಲ್ಲಿ ತಮಿಳು ಇಷ್ಟು ಕೇಳಿಸುವುದೇಕೆ?" ಎಂದು ಪ್ರಶ್ನಿಸಿದಳು. ಆಗ ಹೇಳಿದೆವು: 1809ರಲ್ಲಿ ಆಂಗ್ಲರು ಶ್ರೀರಂಗಪಟ್ಟಣದಿಂದ ಸೈನ್ಯವನ್ನು ತಂದು ಇಲ್ಲಿ ದಂಡನ್ನು ಸ್ಥಾಪಿಸಿದರು, ಅದರ ಬೆನ್ನಿನಲ್ಲಿಯೇ ಮದರಾಸಿನ ಕಡೆಯಿಂದ ವರ್ತಕರೂ ಕೆಲಸಗಾರರೂ ಬಂದು ನೆಲೆಸಿದರು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗಲೂ ಈ ಭಾಗ ಮಾತ್ರ ಆಂಗ್ಲರ ಕೈಯಲ್ಲುಳಿದು, 1947ರಲ್ಲಿ ಮೈಸೂರಿಗೆ ಹಿಂತಿರುಗಿ, 1949ರಲ್ಲಿ ಪೇಟೆಯೊಡನೆ ಒಂದೇ ನಗರಸಭೆಯೊಳಗೆ ಸೇರಿತು. ಆಕೆ ಗಮನವಿಟ್ಟು ಕೇಳಿದಳು. ಕೇಳದೆ ಹೇಳಿದ ಪಾಠಕ್ಕೂ ಕೇಳಿದ ಮೇಲೆ ಹೇಳಿದ ಮಾತಿಗೂ ಎಷ್ಟು ಅಂತರವೆಂಬುದು ಈ ಮುದಿ ಉಪಾಧ್ಯಾಯರಿಗೆ ಅಂದು ತಿಳಿಯಿತು.

ಶಿವಾಜಿನಗರಕ್ಕೆ ಆಟೋರಿಕ್ಷಾದಲ್ಲಿ ಹೋದೆವು. 1927ರಲ್ಲಿ ಕಟ್ಟಲ್ಪಟ್ಟ ರಸೆಲ್ ಮಾರುಕಟ್ಟೆಯು 2012ರಲ್ಲಿ ಬೆಂಕಿಗೆ ತುತ್ತಾಗಿ ಅನೇಕ ಅಂಗಡಿಗಳನ್ನು ಕಳೆದುಕೊಂಡಿತು. ಆದರೂ ವ್ಯಾಪಾರವು ನಿಲ್ಲಲಿಲ್ಲ. ಅದರ ಹೊರಗೆ ಹೂವಿನವಳ ಮುಂದೆ ನಮ್ಮ ಪಾಂಡಿತ್ಯವು ಕೆಲಸಕ್ಕೆ ಬಾರದೆ ಹೋಯಿತು. ಗೃಹಿಣಿಯೋ, ನೆರೆಮನೆಯವರಿಂದ ಕಲಿತ ನಾಲ್ಕು ತಮಿಳು ಮಾತು, ಎರಡು ಉರ್ದು ಮಾತುಗಳನ್ನು ಕನ್ನಡದೊಡನೆ ಬೆರೆಸಿ, ಎರಡು ಮೊಳ ಮಲ್ಲಿಗೆಯನ್ನು ಕೊಂಡು, ಮೇಲೊಂದು ಗೇಣನ್ನೂ ಕೊಸರಾಗಿ ಪಡೆದಳು! ಸಮೀಪದಲ್ಲಿ, 1882ರಲ್ಲಿ ಈಗಿನ ರೂಪವನ್ನು ತಾಳಿದ ಸಂತ ಮೇರಿಯ ಬೆಸಿಲಿಕಾ. ಸೆಪ್ಟೆಂಬರ್ 8ನೆಯ ತಾರೀಖಿನ ಉತ್ಸವಕ್ಕೆ ಮತಭೇದವಿಲ್ಲದೆ ಜನರು ಇಲ್ಲಿ ನೆರೆಯುವರು.

ಅಷ್ಟರಲ್ಲಿ ಆಕೆಯ ನಡಿಗೆ ಕುಂಟಿತು. ಪಟ್ಟಿಯಲ್ಲಿ ಇನ್ನೂ ಮೂರು ಸ್ಥಳಗಳು ಉಳಿದಿದ್ದವು. ನಾವು ಅದನ್ನು ಮಡಿಚಿಡುವಷ್ಟರಲ್ಲಿ ಆಕೆಯೇ ಉಪಾಯವನ್ನು ಸೂಚಿಸಿದಳು: "ನಾವು ನಡೆಯುವುದೇಕೆ? ರೈಲೇ ನಡೆಯಲಿ." ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕೃಷ್ಣರಾಜಪುರಕ್ಕೆ ಟಿಕೀಟು ಕೊಂಡು ಕುಳಿತೆವು. 2011ರ ಅಕ್ಟೋಬರಿನಲ್ಲಿ ನಗರದ ಮೊದಲ ಮೆಟ್ರೋ ಸಂಚರಿಸಿದುದು ಇಲ್ಲಿಂದ ಬೈಯಪ್ಪನಹಳ್ಳಿಯವರೆಗೆ. ಅಲ್ಲಿಂದ ಕೃಷ್ಣರಾಜಪುರಕ್ಕೆ ಹಾದಿ ಕೂಡಿದುದು 2023ರ ಅಕ್ಟೋಬರಿನಲ್ಲಿ. ಇಂದಿರಾನಗರದ ಮನೆಗಳೂ ಮರಗಳೂ ಕಿಟಕಿಯ ಹೊರಗೆ ಸರಿದುಹೋದವು. ಕಡೆಗೆ, ಸಂಜೆಯ ಬಿಸಿಲಿನಲ್ಲಿ, 2003ರಲ್ಲಿ ತೆರೆಯಲ್ಪಟ್ಟ ತೂಗುಸೇತುವೆಯ ಹಗ್ಗಗಳು ವೀಣೆಯ ತಂತಿಗಳಂತೆ ಕಾಣಿಸಿದವು. ಆಕೆ ಬಹಳ ಹೊತ್ತು ನೋಡಿದಳು, ನಾವು ವಿವರಿಸಲಿಲ್ಲ.

ವಾಚಕ ಮಹಾಶಯರೇ, ಈ ಸಂಚಾರಕ್ಕೆ ದೊಡ್ಡ ವೆಚ್ಚವಿಲ್ಲ, ದೂರದ ಪ್ರಯಾಣವಿಲ್ಲ. ಒಂದು ಬುತ್ತಿ, ಒಂದು ಹಗಲು ಸಾಕು.

ಮನೆಗೆ ಬಂದು ಪಟ್ಟಿಯನ್ನು ಬಿಡಿಸಿ, "ದೊಮ್ಮಲೂರು ಉಳಿದೇಹೋಯಿತಲ್ಲ" ಎಂದೆವು. ಆಕೆ ದೇವರ ಪಟಕ್ಕೆ ಮಲ್ಲಿಗೆಯನ್ನು ಮುಡಿಸುತ್ತ, "ಮುಂದಿನ ರಜೆಗೆ ನೋಡೋಣ" ಎಂದಳು. ನಮಗೆ ಮಾತು ಹೊರಡಲಿಲ್ಲ. ಆಮೇಲೆ ನಕ್ಕು, "ಬರುವ ಬುಧವಾರ ರಜೆಯೇ ತಾನೇ?" ಎಂದಳು.